ಕರುಳಿನ ಬಯಾಪ್ಸಿ: ರಕ್ತಸ್ರಾವದ ಬಗ್ಗೆ ಯಾರು ಎಚ್ಚರ ವಹಿಸಬೇಕು?

ಜಠರ ಮತ್ತು ಕರುಳಿನ ಒಳಭಾಗವನ್ನು ಬಾಗುವ ಕೊಳವೆಯ ಮೂಲಕ ನೋಡುವ ವಿಧಾನಕ್ಕೆ ಎಂಡೋಸ್ಕೋಪಿ ಎಂದು ಹೆಸರು. ಹೀಗೆ ನೋಡುವಾಗಲೇ ಪುಟ್ಟ ಚಿಮುಟದಿಂದ ಕರುಳಿನ ಲೋಳೆಪೊರೆಯ 2-3 ಮಿಲಿಮೀಟರ್ ಗಾತ್ರದ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೇ ಬಯಾಪ್ಸಿ. ಕರುಳಿನ ಕ್ಷಯ, ಗೋಧಿ ಸೇವನೆಯಿಂದ ಕೆರಳುವ ಸೀಲಿಯಾಕ್ ರೋಗ, ಕ್ಯಾನ್ಸರ್ ಮುಂತಾದವುಗಳ ಪತ್ತೆಗೆ ಇದು ಅತ್ಯಂತ ಉಪಯುಕ್ತವಾಗಿದೆ.

ತುಣುಕು ತೆಗೆದ ಸ್ಥಳದಲ್ಲಿ ಕೆಲವು ಹನಿ ರಕ್ತ ಒಸರುವುದು ಸಹಜ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಗಾಯವನ್ನು ಮುಚ್ಚುತ್ತವೆ. ಹೆಪ್ಪುಗಟ್ಟಿಸುವ ಅಂಶಗಳು ಅದನ್ನು ಭದ್ರಪಡಿಸುತ್ತವೆ. ಹೀಗಾಗಿ ಬಹುತೇಕ ಜನರಿಗೆ ಇದು ನಿರಪಾಯಕರ ಪರೀಕ್ಷೆ. ಆದರೆ ಈ ವ್ಯವಸ್ಥೆ ದುರ್ಬಲವಾಗಿರುವವರಲ್ಲಿ ಚಿಕ್ಕ ಗಾಯವೂ ತೊಂದರೆಗೆ ಕಾರಣವಾಗಬಹುದು.

ಯಾರಿಗೆ ಅಪಾಯ ಹೆಚ್ಚು?

ಯಕೃತ್ತಿನ ಅಥವಾ ಮೂತ್ರಪಿಂಡದ ತೀವ್ರ ರೋಗವುಳ್ಳವರು, ಹಿಮೋಫಿಲಿಯಾ ಪೀಡಿತರು, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಹಾಗೂ ರಕ್ತ ತೆಳುಗೊಳಿಸುವ ಔಷಧಿ ಸೇವಿಸುವವರು ಈ ವರ್ಗಕ್ಕೆ ಸೇರುತ್ತಾರೆ. ಸೀಲಿಯಾಕ್ ರೋಗದಲ್ಲಿ ಕೊಬ್ಬಿನ ಹೀರಿಕೆ ಕುಂದುವುದರಿಂದ 'ಕೆ' ಜೀವಸತ್ವದ ಕೊರತೆ ಉಂಟಾಗಬಹುದು. ಅಂದರೆ ಯಾವ ರೋಗದ ಪತ್ತೆಗೆ ಬಯಾಪ್ಸಿ ಅಗತ್ಯವೋ ಅದೇ ರೋಗ ರಕ್ತಸ್ರಾವಕ್ಕೂ ದಾರಿ ಮಾಡಿಕೊಡಬಹುದು.

ರಕ್ತ ಸರಿಯಾಗಿ ಹೆಪ್ಪುಗಟ್ಟಿದರೂ ಅದರ ನಷ್ಟವನ್ನು ತಾಳಲಾರದವರು ಇನ್ನೊಂದು ವರ್ಗ. ಗುಜರಾತಿನ ಸೂರತ್, ತಾಪಿ, ವಲ್ಸಾಡ್ ಜಿಲ್ಲೆಗಳ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಹೆಚ್ಚಾಗಿ ಕಂಡುಬರುತ್ತದೆ. ಅಲ್ಲಿ 2006ರಲ್ಲಿ ಇದರ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2023ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಜಾರಿಗೆ ಬಂದಿತು. ಕರ್ನಾಟಕದ ಸೋಲಿಗರಲ್ಲಿಯೂ ಈ ರೋಗವುಂಟು. ಮೊದಲೇ ರಕ್ತ ಕಡಿಮೆಯಿರುವ ಇಂತಹವರಿಗೆ ಅಲ್ಪ ರಕ್ತಸ್ರಾವವೂ ಭಾರವಾಗುತ್ತದೆ. ಪರೀಕ್ಷೆಗೆಂದು ಉಪವಾಸವಿರುವಾಗ ದೇಹದ ನೀರಿನಂಶ ಕುಗ್ಗಿದರೆ ತೀವ್ರ ನೋವು ಕಾಣಿಸಿಕೊಳ್ಳಬಹುದಾದ್ದರಿಂದ, ದ್ರವಾಹಾರದ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಮಕ್ಕಳಲ್ಲಿ ಅಪರೂಪದ ತೊಡಕು

ಸಣ್ಣ ಕರುಳಿನ ಮೊದಲ ಭಾಗ ಬೆನ್ನಿನ ಕಡೆಗೆ ಸ್ಥಿರವಾಗಿ ಅಂಟಿಕೊಂಡಿರುತ್ತದೆ. ಅಲ್ಲಿ ಬಯಾಪ್ಸಿ ಮಾಡಿದಾಗ, ವಿಶೇಷವಾಗಿ ಪ್ಲೇಟ್‌ಲೆಟ್ ಕಡಿಮೆಯಿರುವ ಮಕ್ಕಳಲ್ಲಿ, ಕರುಳಿನ ಗೋಡೆಯೊಳಗೆ ರಕ್ತ ಸಂಗ್ರಹವಾಗಿ ಆಹಾರದ ದಾರಿ ಮುಚ್ಚಬಹುದು. ಒಂದೆರಡು ದಿನಗಳಲ್ಲಿ ಹೊಟ್ಟೆನೋವು ಮತ್ತು ವಾಂತಿ ಕಾಣಿಸಿಕೊಳ್ಳುತ್ತವೆ. ಕರುಳಿಗೆ ವಿಶ್ರಾಂತಿ ನೀಡಿ, ರಕ್ತನಾಳದ ಮೂಲಕ ಪೋಷಣೆ ಒದಗಿಸಿದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯಿಲ್ಲದೆ ಕೆಲವೇ ವಾರಗಳಲ್ಲಿ ಗುಣವಾಗುತ್ತದೆ.

ವಹಿಸಬೇಕಾದ ಎಚ್ಚರಿಕೆ

ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ ಅಥವಾ ಗಾಯವಾದಾಗ ಅತಿಯಾಗಿ ರಕ್ತ ಹೋಗಿದ್ದಲ್ಲಿ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಗತ್ಯವಿದ್ದಲ್ಲಿ ರಕ್ತಪರೀಕ್ಷೆ ನಡೆಸಿ, ಕೊರತೆಯಿರುವ ಜೀವಸತ್ವ, ಪ್ಲೇಟ್‌ಲೆಟ್ ಅಥವಾ ಹೆಪ್ಪುಗಟ್ಟಿಸುವ ಅಂಶವನ್ನು ಮುಂಚಿತವಾಗಿ ನೀಡಲಾಗುತ್ತದೆ.

ಹೃದ್ರೋಗ ಅಥವಾ ಪಾರ್ಶ್ವವಾಯುವಿಗಾಗಿ ರಕ್ತ ತೆಳುಗೊಳಿಸುವ ಔಷಧಿ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಸಾಮಾನ್ಯ ಬಯಾಪ್ಸಿಗೆ ಆಸ್ಪಿರಿನ್ ನಿಲ್ಲಿಸುವ ಅಗತ್ಯವಿಲ್ಲ. ಬಯಾಪ್ಸಿಯ ಗಾಯದಿಂದ ಆಗುವ ರಕ್ತಸ್ರಾವಕ್ಕಿಂತ, ಔಷಧಿ ತಪ್ಪಿದಾಗ ಹೃದಯ ಅಥವಾ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಹೆಚ್ಚು ಮಾರಕ. ಇತರ ಔಷಧಿಗಳ ಬಗ್ಗೆ ವೈದ್ಯರೇ ನಿರ್ಧರಿಸಬೇಕು.

ಪರೀಕ್ಷೆಯ ನಂತರ ಡಾಂಬರಿನಂತೆ ಕಪ್ಪಾದ ಮಲ, ರಕ್ತವಾಂತಿ, ತಲೆಸುತ್ತು, ಬಿಡದ ಹೊಟ್ಟೆನೋವು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಯಾಪ್ಸಿಗೆ ಹೆದರಿ ರೋಗವನ್ನು ಬಚ್ಚಿಡುವುದು ತರವಲ್ಲ. ಅಂತೆಯೇ ತನ್ನ ರಕ್ತದ ದೋಷವನ್ನು ವೈದ್ಯರಿಂದ ಬಚ್ಚಿಡುವುದೂ ತರವಲ್ಲ.