ತೇಲುವ ಮೂಳೆ, ಸಡಿಲ ಕೀಲು

ಮಣಿಕಟ್ಟು ಬಗ್ಗಿಸಿ ಹೆಬ್ಬೆರಳನ್ನು ಮುಂಗೈಗೆ ತಾಗಿಸುವ ಆಟ ಶಾಲೆಯ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಒಬ್ಬಿಬ್ಬರಿಗೆ ಅದು ಸಲೀಸು. ಉಳಿದವರು ಅರ್ಧಕ್ಕೇ ‘ಅಯ್ಯೋ’ ಎಂದು ಕೈ ಕೊಡವಿಕೊಳ್ಳುತ್ತಾರೆ. ಇಂಥದ್ದೇ ಐದು ಪರೀಕ್ಷೆಗಳನ್ನು ಸೇರಿಸಿ 1973ರಲ್ಲಿ ಪೀಟರ್ ಬೈಟನ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ತ್ಸ್ವಾನಾ ಜನರ ಕೀಲುಗಳನ್ನು ಅಳೆದರು. ಕಿರುಬೆರಳು 90 ಡಿಗ್ರಿ ದಾಟಿ ಹಿಂದಕ್ಕೆ ಬಾಗಬೇಕು, ಹೆಬ್ಬೆರಳು ಮುಂಗೈ ಮುಟ್ಟಬೇಕು, ಮೊಣಕೈ ಮತ್ತು ಮಂಡಿ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಹೋಗಬೇಕು. ಎಡ ಬಲ ಸೇರಿ ಇವಕ್ಕೆ 8 ಅಂಕ. ಮಂಡಿ ಮಡಚದೆ ಅಂಗೈ ನೆಲಕ್ಕೆ ಊರಿದರೆ ಇನ್ನೊಂದು. ಕೀಲುಗಳ ಅತಿಸಡಿಲತೆಯನ್ನು, ಅಂದರೆ ಹೈಪರ್‌ಮೊಬಿಲಿಟಿಯನ್ನು, ವೈದ್ಯರು ಇಂದಿಗೂ ಅಳೆಯುವುದು ಈ 9 ಅಂಕಗಳ ಲೆಕ್ಕದಲ್ಲೇ.

ವಿಚಿತ್ರವೆಂದರೆ ಈ ಲೆಕ್ಕದಲ್ಲಿ ಹೆಗಲಿಗೆ ಒಂದು ಅಂಕವೂ ಇಲ್ಲ. ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ತಿರುಗುವ ಕೀಲೇ ಪಟ್ಟಿಯಿಂದ ಹೊರಗೆ!

ಹುಡುಗಿಯೊಬ್ಬಳು ಕನ್ನಡಿಯ ಮುಂದೆ ನಿಂತು ಜಡೆ ಹೆಣೆದುಕೊಳ್ಳುವಾಗ ಅವಳ ಬೆನ್ನನ್ನು ಗಮನಿಸಿದರೆ ಹೆಗಲಿನ ಯಂತ್ರ ಕಣ್ಣಿಗೇ ಕಾಣುತ್ತದೆ. ಕೈ ಮೇಲೇಳುತ್ತಿದ್ದಂತೆ ಬೆನ್ನಿನ ಮೇಲ್ಭಾಗದ ತ್ರಿಕೋನಾಕಾರದ ಮೂಳೆ, ಭುಜಫಲಕ, ಪಕ್ಕೆಲುಬುಗಳ ಮೇಲೆ ಜಾರುತ್ತಾ ಹೊರಳುತ್ತದೆ. ಅದರ ಕೆಳತುದಿ ಕಂಕುಳಿನ ಕಡೆಗೆ ಸರಿಯುತ್ತದೆ. ಕೈಯನ್ನು ಪೂರ್ತಿ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಡಿಗ್ರಿ ತೋಳಿನ ಕೀಲಿನದು, 60 ಡಿಗ್ರಿ ಈ ಫಲಕದ್ದು. ಎರಡೂ ಹೀಗೆ ಜೊತೆಜೊತೆಯಾಗಿ ಸಾಗುವುದನ್ನು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರ ತಮ್ಮ ಪುಸ್ತಕದಲ್ಲಿ ‘ಲಯ’ ಎಂದು ಕರೆದರು.

ಭುಜಫಲಕಕ್ಕೂ ಪಕ್ಕೆಲುಬಿಗೂ ನಡುವೆ ಗುಳಿಯಿಲ್ಲ, ಕೀಲಿಲ್ಲ, ಕಟ್ಟಿಹಾಕುವ ರಜ್ಜುವೂ ಇಲ್ಲ. ಮುಂಡಕ್ಕೆ ಅದನ್ನು ಜೋಡಿಸುವ ಒಂದೇ ಮೂಳೆಯೆಂದರೆ ತೆಳ್ಳನೆಯ ಕೊರಳೆಲುಬು. ಮಿಕ್ಕಂತೆ ಅದು ನಿಂತಿರುವುದು ಸ್ನಾಯುಗಳ ಎಳೆತದ ಮೇಲೆ. ಕತ್ತಿನಿಂದ ಬೆನ್ನಿನವರೆಗೆ ಹರಡಿದ ಟ್ರೆಪೀಜಿಯಸ್ ಒಂದು ಕಡೆಯಿಂದ ಎಳೆದರೆ, ಮೇಲಿನ ಎಂಟೊಂಬತ್ತು ಪಕ್ಕೆಲುಬುಗಳಿಂದ ಹೊರಟು ಫಲಕದ ಒಳಅಂಚಿಗೆ ಅಂಟುವ ಸೆರೇಟಸ್ ಆಂಟೀರಿಯರ್ ಇನ್ನೊಂದು ಕಡೆಯಿಂದ ಎಳೆದು, ಫಲಕವನ್ನು ಎದೆಗೂಡಿಗೆ ಒತ್ತಿ ಹಿಡಿಯುತ್ತದೆ. ಸೆರೇಟಸ್ ಸೋತರೆ ಫಲಕದ ಅಂಚು ಚರ್ಮದಡಿ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ.

ಸಡಿಲ ಕೀಲಿನವರ ಕಷ್ಟ ಶುರುವಾಗುವುದು ಇಲ್ಲಿ. ಅವರ ರಜ್ಜುಗಳು ಬೇಗ ಹಿಗ್ಗುತ್ತವೆ. ಇದು ಹುಟ್ಟಿನಿಂದ ಬರುವ ಗುಣ, ಮನೆತನದಲ್ಲಿ ಹರಿದು ಬರುವುದೂ ಉಂಟು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ವಯಸ್ಸಾದವರಿಗಿಂತ ಎಳೆಯರಲ್ಲಿ ಹೆಚ್ಚು. ಹೆಗಲಿನ ಗುಳಿ ಮೊದಲೇ ಆಳವಿಲ್ಲದ್ದು, ಅದಿರುವುದೂ ಭುಜಫಲಕದ ಮೇಲೆಯೇ. ರಜ್ಜು ಬಿಗಿಯಾಗಿ ಹಿಡಿಯದಿದ್ದಾಗ ಆ ಕೆಲಸವೂ ಸ್ನಾಯುಗಳ ತಲೆಗೇ ಬೀಳುತ್ತದೆ: ಕಂಬವಿಲ್ಲದ ಚಪ್ಪರವನ್ನು ಬಂದವರೇ ಕೈಯೆತ್ತಿ ಹಿಡಿದು ನಿಂತ ಹಾಗೆ. ಬೆಳಿಗ್ಗೆ ನಡೆದೀತು. ಸಂಜೆಯ ಹೊತ್ತಿಗೆ ಸ್ನಾಯುಗಳು ದಣಿದು ಫಲಕ ಕೆಳಕ್ಕೆ ಜಾರುತ್ತದೆ, ಗುಳಿಯ ಬಾಯಿ ನೆಲದ ಕಡೆ ವಾಲುತ್ತದೆ, ತೋಳಿನ ಮೂಳೆ ಅದರೊಂದಿಗೆ ಇಳಿಯುತ್ತದೆ, ಕತ್ತಿನಿಂದ ಕೈಗೆ ಹೋಗುವ ನರಗಳು ಜಗ್ಗುತ್ತವೆ.

1984ರಲ್ಲಿ ಸ್ವಿಫ್ಟ್ ಮತ್ತು ನಿಕೋಲ್ಸ್ ಎಂಬ ಅಮೆರಿಕದ ನರವೈದ್ಯರು ಇಂಥದ್ದೊಂದು ಚಿತ್ರವನ್ನು ವಿವರಿಸಿದ್ದರು. ಹೆಚ್ಚಾಗಿ ಎಳೆಯ ಹೆಂಗಸರು. ನೀಳವಾದ ಕತ್ತು, ಇಳಿಬಿದ್ದ ಹೆಗಲು, ಮೇಲೇರುವ ಬದಲು ಅಡ್ಡಡ್ಡವಾಗಿ ಚಾಚಿದ ಕೊರಳೆಲುಬು. ಕತ್ತು, ಕೈಗಳಲ್ಲಿ ನೋವು, ಜೋಮು. ತೋಳನ್ನು ಕೆಳಕ್ಕೆ ಎಳೆದರೆ ನೋವು ಹೆಚ್ಚುತ್ತಿತ್ತು, ಆಸರೆ ಕೊಟ್ಟು ಎತ್ತಿ ಹಿಡಿದರೆ ಇಳಿಯುತ್ತಿತ್ತು. ಪಕ್ಕದಿಂದ ತೆಗೆದ ಕತ್ತಿನ ಎಕ್ಸ್‌ರೇಯಲ್ಲಿ, ಸಾಮಾನ್ಯವಾಗಿ ಹೆಗಲಿನ ನೆರಳಲ್ಲಿ ಮರೆಯಾಗುವ ಎದೆಭಾಗದ ಎರಡನೆಯ ಕಶೇರು ಸ್ಪಷ್ಟವಾಗಿ ಕಾಣುತ್ತಿತ್ತು. ಕವಿಗಳು ಹೊಗಳುವ ಹಂಸದ ಕೊರಳಿಗೆ ಹೀಗೊಂದು ಬೆಲೆಯೂ ಇರಬಹುದು.

ಹಾಗಾದರೆ ಸಡಿಲತೆ ದೋಷವೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. 1993ರಲ್ಲಿ 660 ಸಂಗೀತಗಾರರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಮಣಿಕಟ್ಟು ಸಡಿಲವಿದ್ದವರಲ್ಲಿ ಆ ಜಾಗದ ನೋವು ಶೇ 5ರಷ್ಟು ಮಂದಿಗಿದ್ದರೆ, ಸಡಿಲವಿಲ್ಲದವರಲ್ಲಿ ಶೇ 18ರಷ್ಟು ಮಂದಿಗಿತ್ತು. ಪಿಟೀಲಿನ ಮೇಲೆ ಓಡುವ ಕೈಗೆ ಸಡಿಲತೆ ವರವಾಗಿತ್ತು. ಅದೇ ಗುಂಪಿನಲ್ಲಿ ಬೆನ್ನುಮೂಳೆ ಸಡಿಲವಿದ್ದವರಿಗೆ ಬೆನ್ನುನೋವು ಶೇ 23, ಉಳಿದವರಿಗೆ ಶೇ 11. ಓಡಾಡುವ ಕೀಲಿಗೆ ಒಳ್ಳೆಯದು, ಭಾರ ಹೊರುವ ಕೀಲಿಗೆ ಕೆಟ್ಟದ್ದು. ಭುಜಫಲಕದ ಫಜೀತಿಯೇ ಇದು: ಅದು ಓಡಾಡಲೂ ಬೇಕು, ತೋಳನ್ನು ಹೊತ್ತು ನಿಲ್ಲಲೂ ಬೇಕು.

ಮನೆಯಲ್ಲಿ ಸಿಗುವ ಮದ್ದು ಒಂದೇ: ‘ಗೂನು ಹಾಕ್ಬೇಡ, ಹೆಗಲು ಹಿಂದಕ್ಕೆ ಎಳ್ಕೊಂಡು ನೆಟ್ಟಗೆ ಕೂತ್ಕೋ.’ ಈಗಾಗಲೇ ಕೆಳಕ್ಕೆ ಜಾರಿರುವ ಫಲಕವನ್ನು ಹಿಂದಕ್ಕೂ ಕೆಳಕ್ಕೂ ಬಿಗಿದರೆ ನರಗಳು ಇನ್ನಷ್ಟು ಜಗ್ಗುವ ಸಾಧ್ಯತೆಯೇ ಹೆಚ್ಚು. ಅನೇಕರಿಗೆ ಬೇಕಿರುವುದು ಫಲಕ ತುಸು ಮೇಲಕ್ಕೂ ಹೊರಕ್ಕೂ ಹೊರಳುವಂತೆ ಮಾಡುವ ಕಸರತ್ತು. ಫಿಸಿಯೋಥೆರಪಿಸ್ಟ್‌ಗಳು ಮಾಡಿಸುವ ಒಂದು ವ್ಯಾಯಾಮ ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಗೋಡೆಗೆ ಎರಡೂ ಅಂಗೈ ಊರಿ, ಮೊಣಕೈ ಮಡಚದೆ, ಎದೆಯನ್ನು ಗೋಡೆಯಿಂದ ಎರಡು ಬೆರಳಷ್ಟು ದೂರ ತಳ್ಳುವುದು. ಅಷ್ಟರಲ್ಲೇ ಎದ್ದಿದ್ದ ಅಂಚು ಪಕ್ಕೆಲುಬಿಗೆ ಅಂಟಿ ಕೂರುತ್ತದೆ. ಸಡಿಲ ಮೊಣಕೈಯವರು ಕೈಯನ್ನು ಪೂರ್ತಿ ಸೆಟೆಸಿ ಕೀಲಿನ ಮೇಲೆ ಜೋತುಬೀಳುವುದೇ ಹೆಚ್ಚು; ಹಾಗಾಗದಂತೆ ನೋಡಿಕೊಳ್ಳಬೇಕು. ಗರಡಿಮನೆಯ ದಂಡ ಕೂಡ ಇದೇ ಸ್ನಾಯುವನ್ನು ದುಡಿಸುತ್ತದೆ. ಆದರೆ ಆ ಕಸರತ್ತನ್ನು ನಮ್ಮವರು ಬಹುಕಾಲ ಹುಡುಗರಿಗಷ್ಟೇ ಮೀಸಲಿಟ್ಟರು.

ಯೋಗದ ತರಗತಿಯಲ್ಲಿ ಸಡಿಲ ಕೀಲಿನವರೇ ಮುಂದಿನ ಸಾಲಿನವರು, ಚಪ್ಪಾಳೆಯೂ ಇವರಿಗೇ. ಬಾಗುವ ಆಸನಗಳಲ್ಲಿ ಇವರಿಗೆ ಕಲಿಯಬೇಕಾದ್ದು ಕಡಿಮೆ. ಚತುರಂಗ ದಂಡಾಸನದಲ್ಲಿ ಹೆಗಲು ಕುಸಿಯದಂತೆ ನಿಲ್ಲುವುದು ನಿಜವಾದ ಪಾಠ.

ಕೀಲು ಸಡಿಲವಿರುವ ಬಹಳಷ್ಟು ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಹೆಗಲು ಮತ್ತೆ ಮತ್ತೆ ಜಾರುವುದು, ಚರ್ಮ ಅತಿಯಾಗಿ ಹಿಗ್ಗುವುದು ಜೊತೆಗಿದ್ದರೆ ಏಲರ್ಸ್-ಡ್ಯಾನ್ಲೋಸ್‌ನಂಥ ಕಾಯಿಲೆಯ ಕಡೆ ವೈದ್ಯರು ನೋಡುತ್ತಾರೆ. ಒಂದೇ ಬದಿಯ ಫಲಕ ಇದ್ದಕ್ಕಿದ್ದಂತೆ ರೆಕ್ಕೆಯಾಗಿ ಎದ್ದರೆ ಅದು ಬೇರೆಯೇ ಕಥೆ. ಸೆರೇಟಸ್‌ಗೆ ಹೋಗುವ ಉದ್ದನೆಯ ನರ ಎದೆಯ ಪಕ್ಕದಲ್ಲಿ ಚರ್ಮಕ್ಕೆ ಹತ್ತಿರವಾಗಿಯೇ ಇಳಿಯುತ್ತದೆ. ಪೆಟ್ಟು ಬಿದ್ದರೆ, ಭಾರದ ಬ್ಯಾಗಿನ ಪಟ್ಟಿ ಒತ್ತಿದರೆ, ಕೆಲವೊಮ್ಮೆ ವೈರಸ್ ಜ್ವರದ ನಂತರವೂ ಅದು ಕೆಲಸ ನಿಲ್ಲಿಸಬಹುದು. ಆಗ ವ್ಯಾಯಾಮಕ್ಕೆ ಮೊದಲು ನರದ ಪರೀಕ್ಷೆ ಆಗಬೇಕು. ನರ ತಾನಾಗಿ ಚೇತರಿಸಿಕೊಳ್ಳುವುದೇ ಹೆಚ್ಚು, ಆದರೆ ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯುತ್ತದೆ.