*#21# ಒತ್ತಿದರೆ ಫೋನ್ ಹ್ಯಾಕ್ ಆಗಿರುವುದು ಗೊತ್ತಾಗುತ್ತದೆಯೇ?

*#21# ಒತ್ತಿದರೆ ಫೋನ್ ಹ್ಯಾಕ್ ಆಗಿದೆಯೇ ಎಂದು ತಿಳಿಯುತ್ತದೆ, ಇದು ಎಲ್ಲ ಫೋನಿನಲ್ಲೂ ನಡೆಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಎರಡನೇ ಮಾತು ಬಹುಪಾಲು ನಿಜ. ಮೊದಲನೆಯದು ಸುಳ್ಳು.

ಸಂಪಿಗೆಯ ತೋಟದ ಮನೆಯಲ್ಲಿ ಅಪ್ಪನದು ಕೀಪ್ಯಾಡ್ ಫೋನ್, ಬೆಂಗಳೂರಿನಲ್ಲಿರುವ ಮಗಳದು ಐಫೋನ್ ಎಂದುಕೊಳ್ಳೋಣ. ಎರಡರ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ. ಆದರೂ ಒಂದೇ ಕೋಡ್ ಎರಡರಲ್ಲೂ ನಡೆಯಲು ಕಾರಣ, ಇದಕ್ಕೆ ಉತ್ತರ ಕೊಡುವುದು ಫೋನಲ್ಲ, ಸಿಮ್ ಕಂಪನಿಯ ನೆಟ್‌ವರ್ಕ್. ಸ್ಮಾರ್ಟ್‌ಫೋನ್ ಬರುವ ಮೊದಲೇ ಜಿಎಸ್‌ಎಂ ಮಾನದಂಡದಲ್ಲಿ ಈ ಕೋಡ್‌ಗಳ ನಿಯಮ ಗೊತ್ತುಪಡಿಸಲಾಗಿತ್ತು. ಮೊದಲಿಗೆ * ಇದ್ದರೆ 'ಶುರು ಮಾಡು', *# ಇದ್ದರೆ 'ಈಗ ಹೇಗಿದೆ ಹೇಳು', ## ಇದ್ದರೆ 'ತೆಗೆದುಹಾಕು'. 21 ಎಂದರೆ ಬರುವ ಎಲ್ಲ ಕರೆಗಳನ್ನೂ ಬೇರೆ ನಂಬರಿಗೆ ತಿರುಗಿಸುವುದು. ಹಾಗಾಗಿ *#21# ಕೇಳುವುದು ಇಷ್ಟೇ: ನನ್ನ ಕರೆಗಳು ಬೇರೆಡೆಗೆ ಹೋಗುತ್ತಿವೆಯೇ? ಫೋನಿನೊಳಗೆ ಕುಳಿತ ಕಳ್ಳ ಆ್ಯಪ್ ಇದಕ್ಕೆ ಕಾಣುವುದೇ ಇಲ್ಲ.

*#62# ಒತ್ತಿ, ಅಪರಿಚಿತ ನಂಬರ್ ನೋಡಿ ಗಾಬರಿಯಾಗುವವರೂ ಇದ್ದಾರೆ. ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ತೋರಿಸುತ್ತದೆ. ಎಷ್ಟೋ ಬಾರಿ ಅದು ಕಂಪನಿಯದೇ ವಾಯ್ಸ್‌ಮೇಲ್ ಅಥವಾ ಮಿಸ್ಡ್ ಕಾಲ್ ಅಲರ್ಟ್ ನಂಬರ್.

ಎಲ್ಲ ಕೋಡ್‌ಗಳೂ ಹೀಗಲ್ಲ. ಐಎಂಇಐ ತೋರಿಸುವ *#06# ಎಲ್ಲೆಡೆ ನಡೆಯುತ್ತದೆ. ಆಂಡ್ರಾಯ್ಡ್‌ನ *#*#4636#*#* ಐಫೋನಿನಲ್ಲಿ ನಡೆಯದು.

ನಿಜವಾದ ಅಪಾಯ ಇರುವುದು *#ನಲ್ಲಲ್ಲ, ಬರೀ *ನಲ್ಲಿ. ಕೊರಿಯರ್‌ನವರು, ಸಿಮ್ ಕಂಪನಿಯವರು ಎಂದು ಹೇಳಿಕೊಂಡು ಕರೆ ಮಾಡುವ ವಂಚಕರು *21* ಅಥವಾ *401* ಒತ್ತಿ, ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಡಯಲ್ ಮಾಡಿ ಎನ್ನುತ್ತಾರೆ. ಮಾಡಿದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ಹೋಗುತ್ತವೆ. ಕರೆಯ ಮೂಲಕ ಬರುವ ಒಟಿಪಿಯೂ ಅವರ ಕಿವಿಗೇ ಬೀಳುತ್ತದೆ, ನಿಮ್ಮ ವಾಟ್ಸಾಪ್ ಅವರ ವಶವಾಗಬಹುದು. ಫೋನ್ ಯಾವುದಾದರೂ ಒಂದೇ. ಐಫೋನ್ ಸುರಕ್ಷಿತ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಇಂಥ ವಂಚನೆಯ ಕಾರಣಕ್ಕೇ 2024ರ ಏಪ್ರಿಲ್ 15ರಿಂದ ಕೋಡ್ ಮೂಲಕ ಕರೆ ಫಾರ್ವರ್ಡ್ ಮಾಡುವ ಸೌಲಭ್ಯ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು.

ಅನುಮಾನ ಬಂದರೆ ##002# ಒತ್ತಿ. ಎಲ್ಲ ಬಗೆಯ ಫಾರ್ವರ್ಡ್ ರದ್ದಾಗುತ್ತದೆ, ಮಿಸ್ಡ್ ಕಾಲ್ ಅಲರ್ಟ್ ಕೂಡ ನಿಲ್ಲಬಹುದು. ಕೆಲವು ನೆಟ್‌ವರ್ಕ್‌ಗಳ ಕೋಡ್ ಬೇರೆ ಇರುವುದರಿಂದ, ಉತ್ತರ ಬಾರದಿದ್ದರೆ ಕರೆ ಸೆಟ್ಟಿಂಗ್ಸ್‌ನಲ್ಲಿ ನೋಡಿ ಅಥವಾ ಕಸ್ಟಮರ್ ಕೇರ್‌ಗೆ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕರೆಗಳು ಇನ್ನೂ ಬೇರೆಡೆಗೆ ತಿರುಗುತ್ತಿದ್ದರೆ ಮನೆಯವರ ಫೋನಿನಿಂದ ಮಾಡಿ, ಅಲ್ಲಿಂದ ವಾಪಸ್ ಬರುವ ಕರೆ ನಿಮಗೇ ಸಿಗಬೇಕಲ್ಲ.