ಹುರಿಹಿಟ್ಟು ಸಿಮೆಂಟಿನಂತೆ ಕಂಡಾಗ

ನಮ್ಮದು ದೊಡ್ಡಗದ್ದವಳ್ಳಿ. ಮೂರೂವರೆ ಎಕರೆ ಖುಷ್ಕಿ. ರಾಗಿ, ಅದರ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಹೋದ ವರ್ಷ ಒಂದು ಮೂಟೆ ರಾಗಿಯನ್ನು ಹಾಗೇ ಮಾರದೆ ಹುರಿಹಿಟ್ಟು ಮಾಡಿದೆವು. ಬೆಂಗಳೂರಿನ ಗಿರಾಕಿಯೊಬ್ಬರು ‘ಇಪ್ಪತ್ತು ಕೆ.ಜಿ. ಬೇಕು, ಮೊದಲು ಫೋಟೊ ಕಳಿಸಿ’ ಅಂದರು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಸ್ಟೀಲ್ ತಟ್ಟೆಗೆ ಹಿಟ್ಟು ಸುರಿದು, ಫ್ಲ್ಯಾಶ್ ಹಾಕಿ ತೆಗೆದು ಕಳಿಸಿದೆ. ‘ಯಜಮಾನ್ರೇ, ಇದು ಸಿಮೆಂಟ್ ಥರ ಕಾಣ್ತಿದೆಯಲ್ಲ’ ಅಂತ ಉತ್ತರ ಬಂತು. ಆಮೇಲೆ ಫೋನೇ ಎತ್ತಲಿಲ್ಲ.

ಹಿಟ್ಟು ಚೆನ್ನಾಗೇ ಇತ್ತು. ಹುರಿದವಳು ನಮ್ಮನೆಯವಳು. ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಫೋಟೊದಿಂದ ವ್ಯಾಪಾರವೆ?

ಹೌದು. 2021ರ ಕೊರೊನಾ ಕಾಲದಲ್ಲಿ ಬಾಳೆಗೊನೆಗೆ ಬೆಲೆ ಬಿದ್ದಾಗ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿಯ ಸುದ್ದಿ ಹಬ್ಬಿದ್ದು ನೆನಪಿರಬಹುದು. ಉತ್ತರಕನ್ನಡ, ದಕ್ಷಿಣಕನ್ನಡದ ಹೆಣ್ಣುಮಕ್ಕಳು ಅದರಲ್ಲಿ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೊ ಹಂಚಿದರು. ಕಂಡವರು ಹುಡಿ ಕೇಳಿದರು. ಆ ವರ್ಷದ ಜುಲೈ 25ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೂ ಇದನ್ನು ಹೇಳಿದ್ದರು. ದೂರದ ಗಿರಾಕಿ ನಮ್ಮ ಮಾಲನ್ನು ಮುಟ್ಟಿ ನೋಡಲಾರ. ಕಣ್ಣಲ್ಲೇ ರುಚಿ ನೋಡಬೇಕು.

ಮೊದಲು ಕಳಕೊಂಡ ದುಡ್ಡು

ಹಾಸನಕ್ಕೆ ಹೋಗಿ 1,200 ರೂಪಾಯಿ ಕೊಟ್ಟು ಬಳೆಯಂಥ ರಿಂಗ್ ಲೈಟ್ ತಂದೆ. ಅದು ಮುಖದ ಫೋಟೊಕ್ಕೆ ಸರಿ. ಊಟದ ಫೋಟೊಕ್ಕೆ ಎದುರಿನಿಂದಲೇ ಬೆಳಕು ಬಿದ್ದು ಹಿಟ್ಟಿನ ತರಿಯೆಲ್ಲ ಮಾಯ. ಸಾರಿನ ಮೇಲೆ ಬಿಳಿ ಬಳೆ ಬೇರೆ. ಇನ್ನು ದೊಡ್ಡ ಕ್ಯಾಮೆರಾನೇ ತರೋಣ ಅಂತ ಹೊರಟವನನ್ನು ಮದುವೆ ಫೋಟೊ ತೆಗೆಯುವ ತಮ್ಮನ ಮಗ ತಡೆದ. ‘ದೊಡ್ಡಪ್ಪ, ಕ್ಯಾಮೆರಾ ಆಮೇಲೆ ತಗೊಳ್ಳೀರಂತೆ. ಮೊದಲು ಬೆಳಕು ನೋಡಿ. ನಮ್ಮೂರ ಗುಡಿಗೆ ಫೋಟೊದವರು ಬೆಳಬೆಳಗ್ಗೆ ಯಾಕೆ ಬರ್ತಾರೆ?’

ನಿಜ. ಹನ್ನೆರಡನೇ ಶತಮಾನದ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ ನಮ್ಮದು. ಓರೆ ಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಸಪ್ಪೆ. ಹಿಟ್ಟಿಗೂ ಮುದ್ದೆಗೂ ಅದೇ ಲೆಕ್ಕ.

ಈಗ ನನ್ನಲ್ಲಿರುವ ಸಾಮಾನು

ಕಿಟಕಿ: ಬೆಳಕು ಪಕ್ಕದಿಂದ ಬರಬೇಕು. ನೇರ ಬಿಸಿಲು ಬಿದ್ದರೆ ಹಳೇ ಬಿಳಿ ಪಂಚೆ ಕಟ್ಟುತ್ತೇನೆ. ಟ್ಯೂಬ್‌ಲೈಟ್ ಆರಿಸಲೇಬೇಕು. ಎರಡು ಬೆಳಕು ಬೆರೆತರೆ ಬಣ್ಣ ಕೆಡುತ್ತದೆ.

ಥರ್ಮಾಕೋಲ್ ಹಾಳೆ: 50 ರೂಪಾಯಿ. ಕಿಟಕಿಯ ಎದುರು ಬದಿಗೆ ನಿಲ್ಲಿಸಿದರೆ ನೆರಳಿನ ಕಪ್ಪು ತಿಳಿಯಾಗುತ್ತದೆ.

ಟ್ರೈಪಾಡ್: 450 ರೂಪಾಯಿ. ಕೊಳ್ಳುವಾಗ ಅಂಗಡಿಯಲ್ಲೇ ಫೋನು ಸಿಕ್ಕಿಸಿ, ತಲೆ ಬಗ್ಗಿಸಿ ನೋಡಿ. ನಿಧಾನಕ್ಕೆ ಜೋತುಬಿದ್ದರೆ ಬೇಡ. ಮೂರು ಸೆಕೆಂಡಿನ ಟೈಮರ್ ಇಟ್ಟರೆ ಕೈ ಅಲುಗುವ ಭಯವಿಲ್ಲ.

ತಟ್ಟೆ: ಸ್ಟೀಲು ಬೇಡ. ಮನೆಯೆಲ್ಲ ಅದರಲ್ಲಿ ಕಾಣುತ್ತದೆ. ಮುತ್ತುಗದ ಎಲೆ, ಬಾಳೆ ಎಲೆ, ಮಣ್ಣಿನ ತಟ್ಟೆ ಸಾಕು. ಕೆಳಗೆ ಹಳೇ ಬಾಗಿಲ ಹಲಗೆ.

ಫೋನು: ಇದ್ದದ್ದೇ. ಲೆನ್ಸನ್ನು ಮೊದಲು ಹತ್ತಿಬಟ್ಟೆಯಲ್ಲಿ ಒರೆಸಿ. ಹೊಲದ ಕೈಯ ಜಿಡ್ಡು ಅಲ್ಲೇ ಕೂತಿರುತ್ತದೆ. ತೀರ ಹತ್ತಿರ ಹೋದರೆ ಮುಂದಿನ ಮುದ್ದೆ ಕುಂಬಳಕಾಯಾಗುತ್ತದೆ. ಸ್ವಲ್ಪ ಹಿಂದೆ ನಿಂತು ತೆಗೆದು, ಆಮೇಲೆ ಅಂಚು ಕತ್ತರಿಸಿ.

ಇನ್ನೊಂದು ಗುಟ್ಟು. ಫೋನು ಎಲ್ಲವನ್ನೂ ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಕಪ್ಪು ಹಲಗೆಯ ಮೇಲೆ ಮುದ್ದೆಯಿಟ್ಟರೆ ಬಿಳಿಚಿಸುತ್ತದೆ, ಬಿಳಿ ಬಟ್ಟೆಯ ಮೇಲೆ ಶಾವಿಗೆಯಿಟ್ಟರೆ ಮಂಕಾಗಿಸುತ್ತದೆ. ಪರದೆಯನ್ನು ಬೆರಳಿಂದ ಮುಟ್ಟಿದರೆ ಹೆಚ್ಚಿನ ಫೋನುಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಮುದ್ದೆಗೆ ಅದನ್ನು ಇಳಿಸಿ, ಶಾವಿಗೆಗೆ ಏರಿಸಿ.

ಕ್ಯಾಮೆರಾ ಯಾರಿಗೆ?

ದೊಡ್ಡ ಬ್ಯಾನರಿಗೆ, ದಿನವೂ ಫೋಟೊ ಬೇಕಾದ ಸಂಘಕ್ಕೆ ಕ್ಯಾಮೆರಾ ಸರಿ. ಆಗಲೂ ಹಳೇ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸ್ ಸಾಕೆಂದು ಹುಡುಗ ಹೇಳುತ್ತಾನೆ. ಹಿಂದಿನ ಗೋಡೆ ಮಸುಕಾಗಿ ತಿನಿಸು ಎದ್ದು ಕಾಣುತ್ತದಂತೆ. ನಮ್ಮ ಪೊಟ್ಟಣದ ಚೀಟಿಗೆ ಫೋನಿನದೇ ಧಾರಾಳ. ಮುದ್ರಣದವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೋಟೊ ಕುಗ್ಗುತ್ತದೆ.

ಆ ಗಿರಾಕಿ ವಾಪಸು ಬರಲಿಲ್ಲ. ಹೊಸ ಫೋಟೊ ನೋಡಿದ ಬೇರೆಯವರು ಎರಡು ಕೆ.ಜಿ., ಮೂರು ಕೆ.ಜಿ. ಅಂತ ಕೊಂಡು ಎರಡು ತಿಂಗಳಲ್ಲಿ ಹಿಟ್ಟು ಖಾಲಿಯಾಯಿತು. ಒಂದು ಮಾತು ಮಾತ್ರ ನಮ್ಮನೆಯವಳದ್ದು: ‘ಬಣ್ಣ ಏರಿಸಬೇಡಿ. ಪೊಟ್ಟಣ ಬಿಚ್ಚಿದಾಗ ಫೋಟೊದಲ್ಲಿದ್ದದ್ದೇ ಸಿಗಬೇಕು.’ ಈ ವರ್ಷ ಎರಡು ಮೂಟೆ ಹುರಿಯಲು ಅವಳೇ ಒಪ್ಪಿದ್ದಾಳೆ.